ಅವ್ವನ ಬಿಪಿ ಕೇಳ್ತೀರಿ, ಬಸ್ಕಿ ಕೇಳ್ತೀರಾ?

ಊರಿಗೆ ಫೋನ್ ಮಾಡಿದಾಗ ನಾವೆಲ್ಲ ಕೇಳೋದು ಹೆಚ್ಚುಕಡಿಮೆ ಅದೇ ನಾಲ್ಕು ಮಾತು. ಊಟ ಆತೇನು, ಗುಳಿಗಿ ತಗೊಂಡಿಯೇನು, ಬಿಪಿ ಎಷ್ಟೈತಿ, ವಾಕಿಂಗ್ ಹೊಂಟಿಯೋ ಇಲ್ಲೋ. ಈ ವಾರ ಐದನೆಯದೊಂದನ್ನು ಸೇರಿಸಿ ನೋಡಿ: "ಅವ್ವಾ, ನೆಲದ ಮ್ಯಾಲ ಕುಂತ್ರ ಕೈ ಊರಲಾರ್ದ ಏಳಾಕ ಆಗತೈತೇನು?" ಆ ಕಡೆಯಿಂದ ಮೊದಲು ಒಂದು ನಗು ಬರುತ್ತೆ. ಆಮೇಲೆ "ಏ, ನೆಲಕ್ಕ ಕುಂದ್ರೋದ ಬಿಟ್ಟು ಎರಡು ವರ್ಷಾತು" ಅನ್ನೋ ಉತ್ತರ ಬಂದರೆ ಅದನ್ನು ಬಿಪಿಯಷ್ಟೇ ಗಂಭೀರವಾಗಿ ತಗೊಳ್ಳಿ.

ಬ್ರೆಜಿಲ್‌ನ ರಿಯೋ ಡಿ ಜನೈರೊದಲ್ಲಿ ಕ್ಲಾಡಿಯೊ ಗಿಲ್ ಅರೌಜೊ ಅನ್ನೋ ವೈದ್ಯರು ಮತ್ತವರ ಸಂಗಡಿಗರು ಇದನ್ನೇ ಒಂದು ಪರೀಕ್ಷೆಯಾಗಿ ಮಾಡಿ, ಫಲಿತಾಂಶವನ್ನು 2012ರಲ್ಲಿ ಪ್ರಕಟಿಸಿದರು. 51ರಿಂದ 80 ವಯಸ್ಸಿನ 2,000ಕ್ಕೂ ಹೆಚ್ಚು ಜನ. ನೆಲಕ್ಕೆ ಕೂರೋದಕ್ಕೆ 5 ಅಂಕ, ಏಳೋದಕ್ಕೆ 5. ಕೈಯೋ ಮೊಣಕಾಲೋ ಊರಿದರೆ ಪ್ರತಿ ಸಲಕ್ಕೂ ಒಂದು ಅಂಕ ಕಡಿತ, ತೂರಾಡಿದರೆ ಅರ್ಧ. ಮುಂದಿನ ವರ್ಷಗಳಲ್ಲಿ ನೋಡಿದಾಗ, 3 ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದವರಲ್ಲಿ ಸಾವಿನ ಅಪಾಯ 8 ಅಥವಾ ಅದಕ್ಕಿಂತ ಹೆಚ್ಚು ಪಡೆದವರಿಗಿಂತ ಐದು ಪಟ್ಟು ಜಾಸ್ತಿ ಇತ್ತು. ಏಳೋದರಲ್ಲೇ ಆಯುಷ್ಯ ಅಡಗಿದೆ ಅಂತಲ್ಲ. ಕಾಲಿನ ಬಲ, ಸಮತೋಲ, ಕೀಲುಗಳ ಸಡಿಲ ಎಲ್ಲ ಒಟ್ಟಿಗೆ ಅಲ್ಲಿ ಕಾಣಿಸುತ್ತೆ. ಚಾಪೆ ಹಾಸಿ ಉಣ್ಣೋ ನಮ್ಮ ಮಂದಿ ದಿನಕ್ಕೆ ಹತ್ತು ಸಲ ಈ ಪರೀಕ್ಷೆ ಬರೀತಿದ್ರು. ಅಂಕ ಹಾಕೋರು ಇರಲಿಲ್ಲ, ಅಷ್ಟೇ.

ವಯಸ್ಸಾದಂತೆ ಸ್ನಾಯು ಕರಗೋದಕ್ಕೆ ಸಾರ್ಕೋಪೀನಿಯಾ ಅಂತ ಹೆಸರು. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಆ ಹೆಸರು ಕೊಡೋವರೆಗೆ ಅದನ್ನು 'ವಯಸ್ಸಾತು, ಇನ್ನೇನು' ಅಂತಲೇ ಎಲ್ಲರೂ ಬಿಟ್ಟಿದ್ದರು. ಸಾಮಾನ್ಯವಾಗಿ ಹೇಳೋ ಲೆಕ್ಕ ಹೀಗಿದೆ: 30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಹೋಗುತ್ತೆ, 60ರ ನಂತರ ಇನ್ನೂ ಬೇಗ. ಅಂದರೆ ಇದನ್ನು ಮೆಟ್ರೋದಲ್ಲಿ ಓದುತ್ತಿರುವ 32ರ ನಿಮ್ಮ ಖಾತೆಯಿಂದಲೂ ಕಡಿತ ಶುರುವಾಗಿದೆ.

ನನ್ನೂರು ಮುದಗಲ್. ಅಲ್ಲಿನ ನಮ್ಮ ಮನೆಯೊಂದನ್ನೇ ನೋಡಿದರೂ ಭಾರ ಹೇಗೆ ಮಾಯವಾಯ್ತು ಅನ್ನೋದು ಗೊತ್ತಾಗುತ್ತೆ. ಅವ್ವ ಸೊಸೆಯಾಗಿ ಬಂದಾಗ ತಲೆ ಮೇಲೊಂದು ಕೊಡ, ಟೊಂಕದ ಮೇಲೊಂದು ಕೊಡ. ಕೆಳಗೆ ಕೂತು ರೊಟ್ಟಿ ಬಡಿಯೋದು, ಒಳ್ಳಿನಲ್ಲಿ ಖಾರ ಅರಿಯೋದು, ಬಗ್ಗಿ ಬಟ್ಟೆ ಒಗೆಯೋದು. ಆಮೇಲೆ ಮನೆಗೆ ನಳ ಬಂತು, ಮಿಕ್ಸಿ ಬಂತು. ಗ್ಯಾಸ್ ಕಟ್ಟೆ ಬಂದ ಮೇಲೆ ರೊಟ್ಟಿಯೂ ನಿಂತೇ ಬಡಿಯೋದಾಯ್ತು. ನಾವು ಮಕ್ಕಳು ನೌಕರಿಗೆ ಸೇರಿದ ಮೇಲೆ ವಾಷಿಂಗ್ ಮಷಿನ್ ಕಳಿಸಿದೆವು, ಕಮೋಡ್ ಹಾಕಿಸಿದೆವು. ಇದರಲ್ಲಿ ತಪ್ಪೇನಿಲ್ಲ. ಹಳೇ ಕಾಲದ ಹೆಂಗಸರು ಗಟ್ಟಿ ಇದ್ರು ಅಂತ ಹಾಡಿ ಹೊಗಳೋರು ಒಂದು ತಿಂಗಳು ಆ ಕೊಡ ಹೊತ್ತು ನೋಡಲಿ. ಆದರೆ ಮೈಗೆ ಸಿಗ್ತಿದ್ದ ಭಾರ ಹೋಯ್ತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಬಂದಿದ್ದು ಟಿವಿ ಮುಂದಿನ ಕುರ್ಚಿ.

"ಜೀವಮಾನ ದುಡಿದ ಮೈ ಇದು, ಇನ್ನೆಂಥಾ ವ್ಯಾಯಾಮ?" ಅಂತ ಊರಲ್ಲಿ ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ಸಿಂಧನೂರು ಕಡೆ ಕಾಲುವೆ ನೀರಲ್ಲಿ ನಿಂತು ಭತ್ತ ನಾಟಿ ಮಾಡೋರಿಗೆ, ನಮ್ಮ ಕಡೆ ಹತ್ತಿ ಬಿಡಿಸೋರಿಗೆ ದುಡಿಮೆ ಕಡಿಮೆಯೇನಲ್ಲ. ಆದರೆ ದಿನವಿಡೀ ಬಗ್ಗಿ ಒಂದೇ ಕೆಲಸ ಮಾಡಿದರೆ ಸೊಂಟ ಸವೆಯುತ್ತೆ. ತೊಡೆಗೆ, ಬೆನ್ನಿಗೆ, ಭುಜಕ್ಕೆ ಬೇಕಾದಷ್ಟು ಬಲ ಬರಲ್ಲ. ದುಡಿಮೆ ದಣಿಸುತ್ತೆ. ತರಬೇತಿ ಅಂದ್ರೆ ಇಷ್ಟೇ ಭಾರ, ಇಷ್ಟೇ ಸಲ, ಆಮೇಲೆ ಎರಡು ದಿನ ಬಿಡುವು, ಮೇಲೊಂದಿಷ್ಟು ಒಳ್ಳೆ ಊಟ. ಈ ಬಿಡುವು ಕೂಲಿಯವರಿಗೆ ಎಲ್ಲಿಂದ ಬರಬೇಕು ಅನ್ನೋದು ಬೇರೆಯೇ ಮಾತು, ಇನ್ನೊಮ್ಮೆ ಬರೀತೀನಿ.

ಹಾಗಂತ ಭಾರ ಎತ್ತೋದು ನಮ್ಮ ಸೀಮೆಗೆ ಹೊಸದಲ್ಲ. ಗರಡಿಮನೆಯ ಕಲ್ಲಿನ ಗುಂಡು, ಸಂಗ್ರಾಣಿ ಕಲ್ಲು ಎಲ್ಲರಿಗೂ ಗೊತ್ತು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆಗೆ ಜನ ಮುಗಿಬೀಳ್ತಾರೆ. ಆದರೆ ಅಲ್ಲಿ ಎತ್ತೋನು ಹರೆಯದ ಹುಡುಗ, ಸೀಟಿ ಹೊಡೆಯೋರು ಗಂಡಸರು. ಈಗಿನ ಜಿಮ್‌ಗಳದ್ದೂ ಅದೇ ಕಥೆ: ಕಿವಿ ಹರಿಯೋ ಹಾಡು, ಕನ್ನಡಿ ಮುಂದೆ ಸೆಲ್ಫಿ. 65ರ ಹೆಂಗಸು ಸೆರಗು ಸಿಕ್ಕಿಸಿ ಅದರೊಳಗೆ ಕಾಲಿಡ್ತಾಳಾ? ಯಾರಿಗೆ ಅತಿ ಹೆಚ್ಚು ಬೇಕೋ ಅವರಿಗೇ ಅಲ್ಲಿ ಜಾಗ ಇಲ್ಲ.

ತಡ ಆಯ್ತು ಅನ್ನೋರಿಗೊಂದು ಉದಾಹರಣೆ. ಅಮೆರಿಕದ ಬೋಸ್ಟನ್‌ನಲ್ಲಿ ಮರಿಯಾ ಫಿಯಟರೋನೆ ಅನ್ನೋ ವೈದ್ಯೆ ವೃದ್ಧಾಶ್ರಮದ 10 ಜನರಿಗೆ 8 ವಾರ ಕಾಲಿನ ಭಾರದ ತರಬೇತಿ ಕೊಡಿಸಿದರು. ಅವರ ಸರಾಸರಿ ವಯಸ್ಸು 90. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಕೋಲು ಹಿಡಿದು ನಡೀತಿದ್ದ ಇಬ್ಬರು ಕೋಲು ಬಿಟ್ಟರು. 1990ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನ ಅದು, ಆದರೆ ಆಮೇಲಿನ ದೊಡ್ಡ ಅಧ್ಯಯನಗಳೂ ಅದೇ ದಿಕ್ಕಿಗೆ ಬೆರಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಎಲ್ಲ ವಯಸ್ಕರಿಗೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಬೇಕು. 65 ದಾಟಿದವರಿಗೆ ಸಮತೋಲದ ಅಭ್ಯಾಸವೂ ಸೇರಿ ವಾರಕ್ಕೆ 3 ದಿನ. ವಾಕಿಂಗ್ ಎದೆಗೆ, ಶುಗರ್‌ಗೆ ಒಳ್ಳೇದೇ, ಬಿಡಬೇಡಿ. ಆದರೆ ಜಾರಿದ ಕಾಲನ್ನು ತಡೆದು ನಿಲ್ಲಿಸೋ ಬಲ ಬರೀ ವಾಕಿಂಗಿನಿಂದ ಬರಲ್ಲ.

ಶುರು ಮಾಡೋಕೆ ಮುಂಚೆ ಡಾಕ್ಟರ್‌ಗೊಂದು ಮಾತು ಕೇಳಿ. ಹತೋಟಿಗೆ ಬಾರದ ಬಿಪಿ, ಎದೆನೋವು, ಹರ್ನಿಯಾ, ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿದ್ದರೆ ಇದು ಕಡ್ಡಾಯ. ಮೊಣಕಾಲು ನೋವು ಅಂತ ಪೂರ್ತಿ ಕೈಬಿಡಬೇಡಿ. ಸವೆದ ಮೊಣಕಾಲಿಗೆ ವೈದ್ಯರು ಹೇಳೋ ಮೊದಲ ಮದ್ದುಗಳಲ್ಲಿ ತೊಡೆ ಬಲಪಡಿಸೋದೂ ಒಂದು. ಆಮೇಲೆ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈ ಎದೆ ಮೇಲೆ ಕಟ್ಟಿಸಿ, 5 ಸಲ ಎದ್ದು ಕೂರಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬಲ ಕುಂದಿರಬಹುದು ಅಂತ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೇಳಿದೆ.

ಊಟದ ವಿಷಯ. ಐಸಿಎಂಆರ್ ಲೆಕ್ಕದಲ್ಲಿ ದೇಹದ ತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅನ್ನೋ ತಜ್ಞರೂ ಇದ್ದಾರೆ (ಕಿಡ್ನಿ ತೊಂದರೆ ಇದ್ದವರು ಕೇಳಿಯೇ ಹೆಚ್ಚಿಸಬೇಕು). 55 ಕಿಲೋ ತೂಗೋ ಅವ್ವನಿಗೆ ಹತ್ತಿರ ಹತ್ತಿರ 55 ಗ್ರಾಂ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ 10 ಗ್ರಾಂ, ಒಂದು ಮೊಟ್ಟೆಯಲ್ಲಿ 6. ಡಬ್ಬಿ ಪೌಡರ್ ಕೊರಿಯರ್ ಮಾಡೋ ಅಗತ್ಯ ಇಲ್ಲ. ರೊಟ್ಟಿ ಜೊತೆ ಗಟ್ಟಿ ಬ್ಯಾಳಿ, ಮಡಕಿಕಾಳು, ಶೇಂಗಾ ಚಟ್ನಿ, ಮೊಸರು ನಮ್ಮ ಅಡುಗೆಮನೆಯಲ್ಲೇ ಇವೆ. ತೊಂದರೆ ಇರೋದು ರಾತ್ರಿ ಊಟದಲ್ಲಿ. ಒಬ್ಬರೇ ಇರೋ ಹಿರಿಯರು ಒಂದು ಲೋಟ ಚಹಾ, ನಾಲ್ಕು ಬಿಸ್ಕತ್‌ನಲ್ಲಿ ಮುಗಿಸಿಬಿಡ್ತಾರೆ. ಫೋನಿನಲ್ಲಿ 'ಊಟ ಆತೇನು' ಅಂತ ಕೇಳಿದರೆ 'ಆತು' ಅಂತಲೇ ಹೇಳ್ತಾರೆ. ಏನು ಉಂಡ್ರಿ ಅಂತ ಕೇಳಿ.

ಅವ್ವನ ಕಾರ್ಯಕ್ರಮ ಹೀಗಿದೆ. ಮಂಗಳವಾರ, ಶುಕ್ರವಾರ, ತಲಾ 20 ನಿಮಿಷ. ಕುರ್ಚಿಯಿಂದ 10 ಸಲ ಏಳು-ಕೂರು, ಅಂದ್ರೆ ಸಾಲಿಯಲ್ಲಿ ಮಾಸ್ತರರು ಶಿಕ್ಷೆ ಅಂತ ಹೊಡೆಸ್ತಿದ್ದ ಬಸ್ಕಿಯ ಮೆತ್ತಗಿನ ರೂಪ. ಗೋಡೆಗೆ ಕೈ ಊರಿ ತಳ್ಳೋದು 10 ಸಲ. ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತೋದು. ಸ್ಟೂಲ್ ಮೇಲಿನ ಚೀಲವನ್ನು ಬೆನ್ನು ನೆಟ್ಟಗಿಟ್ಟು ಎತ್ತಿ ಇಳಿಸೋದು. ಕೊನೆಗೆ ಎರಡೂ ಕೈಯಲ್ಲಿ ಭಾರ ಹಿಡಿದು ಪಡಸಾಲೆಯಲ್ಲಿ ನಾಲ್ಕು ಸುತ್ತು. ಉಸಿರು ಬಿಗಿ ಹಿಡಿಯಂಗಿಲ್ಲ. ಎತ್ತುವಾಗ ಬಾಯಿಬಿಟ್ಟು ಎಣಿಸಿದರೆ ಅದು ತಾನಾಗೇ ಸರಿಹೋಗುತ್ತೆ. ಪ್ರತಿ ಸುತ್ತಿನ ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಭಾರ ಹೆಚ್ಚಿಸೋ ಹೊತ್ತು ಬಂತು ಅಂತ ಅರ್ಥ. ಬಹಳ ಜನ ಎಡವೋದು ಇಲ್ಲೇ: ಅದೇ ಒಂದು ಲೀಟರ್ ನೀರಿನ ಬಾಟಲಿಯನ್ನು ವರ್ಷಪೂರ್ತಿ ಎತ್ತುತ್ತಾ ಕೂತರೆ ಮೈ ಅದಕ್ಕೆ ಒಗ್ಗಿಹೋಗಿ ಸುಮ್ಮನಾಗುತ್ತೆ.

ಅದಕ್ಕೇ ನಮ್ಮ ಮನೆಯಲ್ಲಿ ಡಂಬೆಲ್ ಬದಲು ಜೋಳದ ಚೀಲ. 3 ಕಿಲೋದಿಂದ ಶುರುವಾಗಿ, ಹಗುರ ಅನ್ನಿಸಿದಾಗೆಲ್ಲ ಅರ್ಧ ಕಿಲೋ ಸುರಿಯುತ್ತಾ ಬಂದು 6 ಕಿಲೋ ಮುಟ್ಟಿತ್ತು. ಹೋದ ತಿಂಗಳು ಅವ್ವ ಫೋನಿನಲ್ಲಿ "ಈಗ ಭಾಳ ಹಗುರ ಆಗೈತಿ ನೋಡು" ಅಂದಳು. ಇಷ್ಟು ಬೇಗ ಹೆಂಗ ಅಂತ ವಿಚಾರಿಸಿದರೆ, ಬೀಗರು ಬಂದಿದ್ದರಂತೆ, ಹಿಟ್ಟು ಹಾಕಿಸೋಕೆ ಅದರೊಳಗಿಂದಲೇ ಎರಡು ಕಿಲೋ ತೆಗೆದಿದ್ದಾಳೆ. ಈಗ ಚೀಲದ ಬಾಯಿಯನ್ನು ದಬ್ಬಣದಿಂದ ಹೊಲಿಸಿ ಇಟ್ಟಿದ್ದೀವಿ.