ಒಡಂಬಡಿಸುವ ವಿದ್ಯೆ

ನಮ್ಮ ಸಂಘದ ಈಚಿನ ಕೂಟವೊಂದರಲ್ಲಿ, ಮಾರಾಟದ ಕಲೆಯನ್ನೂ ಮನವೊಪ್ಪಿಸುವ ಮಾತುಗಾರಿಕೆಯನ್ನೂ ಕಾಲೇಜಿನ ಎಲ್ಲ ವಿದ್ಯಾರ್ಥಿಗಳಿಗೂ ಕಲಿಸಬೇಕೆಂಬ ಪ್ರಸ್ತಾಪವು ಬಂದಾಗ, ವಯೋವೃದ್ಧರೂ ವಿದ್ವಾಂಸರೂ ಆದ ಸದಸ್ಯರೊಬ್ಬರು ಎದ್ದುನಿಂತು, “ಸರಸ್ವತಿಯನ್ನು ಸಂತೆಗೆ ಕಳುಹುವ ಕಾಲ ಬಂದಿತೆ?” ಎಂದು ಕೇಳಿದರು. ಸಭೆಯು ಕರತಾಡನ ಮಾಡಿತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬನು. ಮನೆಗೆ ಬಂದ ಮೇಲೆ ಏಕೋ ಅಟ್ಟದ ಕಡೆಗೆ ದೃಷ್ಟಿ ಹೋಯಿತು. ಹನ್ನೆರಡು ವರ್ಷಗಳ ಹಿಂದೆ ಸ್ವಂತ ವೆಚ್ಚದಿಂದ ನಾನು ಅಚ್ಚುಹಾಕಿಸಿದ ಪುಸ್ತಕದ ೫೦೦ ಪ್ರತಿಗಳಲ್ಲಿ ೩೦೦ಕ್ಕೆ ಮೇಲ್ಪಟ್ಟು ಅಲ್ಲಿಯೇ ಗೆದ್ದಲಿಗೆ ಆಹಾರವಾಗುತ್ತಿದ್ದುವು. ನನ್ನ ಸರಸ್ವತಿಯು ಸಂತೆಗೆ ಹೋಗಿರಲಿಲ್ಲ, ನಿಜ, ಅಟ್ಟವನ್ನು ಸೇರಿದ್ದಳು. ಅಂದು ತಟ್ಟಿದ ಚಪ್ಪಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಮಾರಾಟವೆಂಬ ಶಬ್ದಕ್ಕೆ ಇರುವಷ್ಟು ಅಪಕೀರ್ತಿ ಇನ್ನಾವ ವೃತ್ತಿಗೂ ಇಲ್ಲ. ಮಗನು ಪದವೀಧರನಾಗಿ ಎರಡು ವರ್ಷ ಮನೆಯಲ್ಲಿ ಕುಳಿತರೆ ಅದನ್ನು ಗ್ರಹಚಾರವೆನ್ನುವೆವು. ಅದೇ ಮಗನು ಚೀಲವನ್ನು ಹೆಗಲಿಗೇರಿಸಿ ಅಂಗಡಿಯಿಂದ ಅಂಗಡಿಗೆ ಹೋದರೆ ನೆಂಟರೆದುರಿಗೆ ಹೇಳಲು ನಾಚುವೆವು. ಈ ನಾಚಿಕೆಗೆ ಮೂರು ಆಧಾರಗಳನ್ನು ಕೊಡುವುದುಂಟು. ಮಾರಾಟವು ವರ್ತಕನ ಕೆಲಸವೇ ಹೊರತು ಓದಿದವನದಲ್ಲ ಎಂಬುದು ಮೊದಲನೆಯದು. ಒಳ್ಳೆಯ ವಸ್ತುವಿಗೆ ಸಾರುವವರು ಬೇಕಾಗಿಲ್ಲ ಎಂಬುದು ಎರಡನೆಯದು. ಮನವೊಲಿಸುವುದೆಂದರೆ ಮರುಳುಮಾಡುವುದೇ ಎಂಬುದು ಮೂರನೆಯದು. ಇವನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯ ಆಧಾರವು ನಿಲ್ಲತಕ್ಕುದಲ್ಲ. ಎರಡು ದಿನಗಳಲ್ಲಿ ಜ್ವರ ಬಿಟ್ಟಿತೆಂದು ಔಷಧವನ್ನು ನಿಲ್ಲಿಸಹೊರಟ ರೋಗಿಯನ್ನು ಪೂರ್ತಿಯಾಗಿ ಸೇವಿಸುವಂತೆ ಒಡಂಬಡಿಸಲಾರದ ವೈದ್ಯನ ವಿದ್ಯೆಯು ಚೀಟಿಯಲ್ಲಿಯೇ ಉಳಿಯುತ್ತದೆ. ಸೇತುವೆಯ ಕಂಬ ಬಿರಿದಿರುವುದನ್ನು ಕಂಡ ಇಂಜಿನಿಯರನು ಮೇಲಧಿಕಾರಿಗಳಿಗೆ ಅದನ್ನು ಮನಗಾಣಿಸಲಾರದೆ ಹೋದರೆ ಅವನ ಗಣಿತವು ಯಾರ ಪ್ರಾಣವನ್ನೂ ಉಳಿಸದು. ಇವರಾರೂ ತಕ್ಕಡಿ ಹಿಡಿದವರಲ್ಲ. ಆದರೂ ದಿನದಿನವೂ ಇನ್ನೊಬ್ಬರ ಒಪ್ಪಿಗೆಯನ್ನು ಸಂಪಾದಿಸಿಯೇ ಬಾಳಬೇಕಾದವರು. ನನ್ನ ಸೋದರಳಿಯನೊಬ್ಬನು ತರಗತಿಗೆ ಮೊದಲನೆಯವನಾಗಿ ತೇರ್ಗಡೆ ಹೊಂದಿ ಒಂದು ಸಂದರ್ಶನಕ್ಕೆ ಹೋದನು. ನೀವು ಈವರೆಗೆ ಏನು ಮಾಡಿದ್ದೀರಿ ಎಂದು ಅವರು ಕೇಳಿದ್ದಕ್ಕೆ, “ಅರ್ಜಿಯಲ್ಲಿ ಎಲ್ಲವನ್ನೂ ಬರೆದಿದ್ದೇನೆ, ಸಾರ್” ಎಂದು ಹೇಳಿ ಸುಮ್ಮನಾದನು. ಅವನಿಗಿಂತ ಕಡಮೆ ಅಂಕ ಪಡೆದ ಗೆಳೆಯನಿಗೆ ಕೆಲಸವಾಯಿತು. ಮನೆಯವರೆಲ್ಲರೂ ವಶೀಲಿಯೆಂದು ತೀರ್ಮಾನಿಸಿದೆವು. ವರ್ಷ ಕಳೆದ ಮೇಲೆ ಹುಡುಗನೇ ನನ್ನೊಡನೆ, “ವಶೀಲಿಯಲ್ಲ ಮಾವ, ನನಗೆ ಹೇಳಲು ಬರಲಿಲ್ಲ” ಎಂದನು. ಹದಿನಾರು ವರ್ಷ ಅವನನ್ನು ಓದಿಸಿದ ನಾವು ಹದಿನಾರು ನಿಮಿಷ ಮಾತನಾಡುವುದನ್ನು ಕಲಿಸಿರಲಿಲ್ಲ. ಆ ತಪ್ಪು ಅವನದಲ್ಲ.

ಎರಡನೆಯ ಆಧಾರವನ್ನು ಎತ್ತುವವರು, ಕಸ್ತೂರಿಯ ಪರಿಮಳಕ್ಕೆ ಡಂಗುರವೇಕೆ ಎಂದು ಕೇಳುವರು. ಕಸ್ತೂರಿಯ ಮಾತಿರಲಿ, ನಮ್ಮ ನಾಡಿನ ಶ್ರೀಗಂಧದ ಕಥೆಯನ್ನೇ ನೋಡಿರಿ. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧವು ತೊಡಗಲು ಮೈಸೂರಿನ ಗಂಧದ ಮರಕ್ಕೆ ಯುರೋಪಿನ ಪೇಟೆಯು ಮುಚ್ಚಿಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ೧೯೧೬ರಲ್ಲಿ ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಏರ್ಪಾಡು ಮಾಡಿದರು; ಅದರ ಬೆನ್ನಿಗೇ ಸಾಬೂನಿನ ಉದ್ಯಮವೂ ಬೆಳೆಯಿತು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡಿ ಬಂದ ರಸಾಯನಶಾಸ್ತ್ರಜ್ಞರಾದ ಎಸ್. ಜಿ. ಶಾಸ್ತ್ರಿಗಳು ಪರಿಮಳವನ್ನು ಸಾಧಿಸಿದೊಡನೆ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಚೌಕದ ಬಿಲ್ಲೆಗಳ ನಡುವೆ ತಮ್ಮದು ಬೇರೆಯಾಗಿ ತೋರುವಂತೆ ಅದಕ್ಕೆ ಅಂಡಾಕಾರವನ್ನು ಕೊಟ್ಟರು. ನಮ್ಮ ಜನರಿಗೆ ಒಡವೆಯ ಮೇಲಿರುವ ಪ್ರೀತಿಯನ್ನರಿತು ಒಡವೆಯ ಪೆಟ್ಟಿಗೆಯಂತಹ ಹೊದಿಕೆಯನ್ನು ರಚಿಸಿದರು. ಶರಭವನ್ನು ಅದರ ಲಾಂಛನವಾಗಿ ಆರಿಸಿದರು. ಟ್ರಾಮಿನ ಟಿಕೆಟ್ಟುಗಳ ಮೇಲೂ ಬೆಂಕಿಪೆಟ್ಟಿಗೆಗಳ ಮೇಲೂ ಆ ಪೆಟ್ಟಿಗೆಯ ಚಿತ್ರವು ಕಾಣಿಸಿಕೊಂಡಿತು. ಕರಾಚಿ ಪಟ್ಟಣದಲ್ಲಿ ಒಂಟೆಗಳ ಮೆರವಣಿಗೆಯೇ ನಡೆಯಿತು. ಶ್ರೀಗಂಧಕ್ಕೇ ಒಂಟೆಯ ಸಹಾಯ ಬೇಕಾಗಿದ್ದಲ್ಲಿ ನಮ್ಮ ನಿಮ್ಮ ಯೋಗ್ಯತೆಗೆ ನಾಲ್ಕು ಮಾತಿನ ಸಹಾಯವು ಬೇಡವೆ?

ಇದು ಸಾಬೂನಿನ ಮಾತಾಯಿತು, ಸಾಹಿತ್ಯಕ್ಕೂ ಇದೇ ನ್ಯಾಯವೆ ಎಂದು ಕೇಳುವವರು ಗಳಗನಾಥರನ್ನು ನೆನೆಯಬೇಕು. ೧೮೬೯ರಿಂದ ೧೯೪೨ರವರೆಗೆ ಬಾಳಿದ ಆ ಕಾದಂಬರಿಕಾರರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಕನ್ನಡದಲ್ಲಿ ಓದುವವರೇ ಇಲ್ಲವೆಂದು ಇತರರು ಮರುಗುತ್ತಿದ್ದ ಕಾಲದಲ್ಲಿ ಅವರು ಓದುಗರ ಬಾಗಿಲಿಗೇ ಹೋಗಿ ನಿಂತರು. ಇಂದು ಅವರ ತಲೆಯ ಮೇಲಿದ್ದ ಹೊರೆಗೆ ನಾವು ಕೈಮುಗಿಯುತ್ತೇವೆ. ಆದರೆ ನಮ್ಮ ತಲೆಗೆ ಅಂತಹ ಹೊರೆ ಬಂದರೆ ಮಾನಹಾನಿಯೆನ್ನುತ್ತೇವೆ. ಇದೆಲ್ಲಿಯ ನ್ಯಾಯ?

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು. ಅದನ್ನು ಎತ್ತಿದ ಹಿರಿಯರ ಆತಂಕವನ್ನು ನಾನು ಹಗುರವಾಗಿ ಎಣಿಸಲಾರೆನು. ಸುಳ್ಳು ಜಾಹೀರಾತುಗಳೂ, ಮುದುಕರ ಕೈಯಲ್ಲಿ ಅರ್ಥವಾಗದ ಕಾಗದಗಳಿಗೆ ರುಜು ಮಾಡಿಸುವ ಏಜೆಂಟರೂ ನಮ್ಮ ಕಣ್ಣೆದುರಿಗೇ ಇರುವರಷ್ಟೆ. ಆದರೆ ಒಡಂಬಡಿಸುವುದಕ್ಕೂ ವಂಚಿಸುವುದಕ್ಕೂ ನಡುವಣ ಗೆರೆಯನ್ನು ಕಾನೂನು ಬಹುಕಾಲದ ಹಿಂದೆಯೇ ಎಳೆದಿದೆ. ೧೮೭೨ರ ಭಾರತೀಯ ಕರಾರು ಕಾಯಿದೆಯು, ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ ಇವುಗಳಿಂದ ಪಡೆದ ಒಪ್ಪಿಗೆಯನ್ನು ಸ್ವತಂತ್ರವಾದ ಒಪ್ಪಿಗೆಯೆಂದು ಅಂಗೀಕರಿಸುವುದಿಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ ದಂಡವನ್ನು ವಿಧಿಸುತ್ತದೆ. ಚಾಕುವಿನಿಂದ ಕೊಲೆಯಾಯಿತೆಂದು ಅಡಿಗೆಮನೆಯಲ್ಲಿ ಚಾಕುವನ್ನೇ ಇಡದಿರುವರುಂಟೆ?

ಇಷ್ಟೇ ಅಲ್ಲ. ಈ ವಿದ್ಯೆಯನ್ನು ಅರಿಯದವನೇ ಮೊದಲು ಮೋಸಹೋಗುವವನು. ಈಚಿನ ವರ್ಷಗಳಲ್ಲಿ, ಕಾನೂನಿನಲ್ಲಿಯೇ ಇಲ್ಲದ ‘ಡಿಜಿಟಲ್ ಬಂಧನ’ವೆಂಬ ಹೆಸರಿನಿಂದ ದೂರವಾಣಿಯಲ್ಲಿ ಬೆದರಿಸಿ ಹಣ ದೋಚುವವರ ಬಲೆಗೆ ನಿವೃತ್ತ ಅಧಿಕಾರಿಗಳೂ ಪ್ರಾಧ್ಯಾಪಕರೂ ಬಿದ್ದಿದ್ದಾರೆ. “ಈಗಲೇ ಮಾಡಿರಿ, ಯಾರಿಗೂ ಹೇಳಬೇಡಿರಿ” ಎಂಬ ಎರಡು ಮಾತುಗಳು ವಂಚಕನ ಗುರುತು. ಪ್ರಾಮಾಣಿಕನಾದವನು ಯೋಚಿಸಲು ಅವಕಾಶ ಕೊಡುತ್ತಾನೆ, ಮನೆಯವರನ್ನು ಕೇಳಿರಿ ಎನ್ನುತ್ತಾನೆ. ತಾನೇ ಒಮ್ಮೆ ಮಾರಿ ಬಲ್ಲವನಿಗೆ ಈ ಭೇದವು ಕೂಡಲೆ ತಿಳಿಯುತ್ತದೆ.

ಹಾಗಾದರೆ ಧರ್ಮಮಾರ್ಗದಲ್ಲಿ ಒಡಂಬಡಿಸಿದವರು ಇದ್ದಾರೆಯೆ? ಇದ್ದಾರೆ. ೧೯೨೫ರಲ್ಲಿ ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು ಕೂಡಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆಯು, ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಹೋಗಿ ಸಂಗ್ರಹಿಸುವ ಕ್ರಮವದು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವರಿಗೆ ಉಳಿತಾಯವನ್ನು ‘ಮಾರಿದ’ ಆ ಏಜೆಂಟರು ಅವರ ಸಂಸಾರಗಳಿಗೆ ಮಾಡಿದ ಉಪಕಾರವು ಯಾವ ಉಪನ್ಯಾಸದಿಂದಲೂ ಆಗುವಂತಹುದಲ್ಲ. ೧೯೭೦ರ ಸುಮಾರಿಗೆ ಅಡಕೆಯ ಧಾರಣೆ ಕುಸಿದು ತೋಟದವರು ಕಂಗೆಟ್ಟಾಗ, ವಾರಣಾಸಿ ಸುಬ್ರಾಯ ಭಟ್ಟರು ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಒಡಂಬಡಿಸಿ ಒಂದುಗೂಡಿಸಿದುದರ ಫಲವಾಗಿ ೧೯೭೩ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರ ಸಂಸ್ಥೆಯು ಹುಟ್ಟಿತು. ಚೆನ್ನಾಗಿ ಬೆಳೆದರೆ ಸಾಲದು, ಮಾರುವುದನ್ನೂ ತಾವೇ ಅರಿಯಬೇಕೆಂಬುದು ಆಗ ಅವರು ಕಂಡುಕೊಂಡ ಸತ್ಯ. ಮಾತು ಬಾರದವನ ಸರಕನ್ನು ಮಾತು ಬಲ್ಲವನು ಅಗ್ಗಕ್ಕೆ ಕೊಳ್ಳುತ್ತಾನೆ. ಲೋಕದಲ್ಲಿ ಬಡತನದ ಒಂದು ಪಾಲು ಇದರಿಂದಲೇ ಹುಟ್ಟಿದೆ.

ನಮ್ಮ ಅಲಂಕಾರಶಾಸ್ತ್ರವೂ ಈ ವಿದ್ಯೆಯನ್ನು ಹೀಗಳೆದಿಲ್ಲ. ವೇದವು ಪ್ರಭುವಿನಂತೆ ಆಜ್ಞಾಪಿಸುವುದು, ಪುರಾಣವು ಮಿತ್ರನಂತೆ ಬುದ್ಧಿಹೇಳುವುದು, ಕಾವ್ಯವಾದರೋ ಕಾಂತೆಯಂತೆ ಒಲಿಸಿ ತಿದ್ದುವುದು ಎಂಬ ವಿವೇಚನೆಯು ಮಮ್ಮಟನನ್ನು ಓದಿದವರಿಗೆ ಹೊಸದಲ್ಲ. ಒಲಿಸುವುದನ್ನು ಕಾವ್ಯದ ಪ್ರಯೋಜನವೆಂದು ಪಾಠಹೇಳುವ ನಾವು ಜೀವನದಲ್ಲಿ ಅದನ್ನು ಕೀಳೆಂದರೆ, ಓದಿದ್ದು ಪರೀಕ್ಷೆಗೆ ಮಾತ್ರವಾಯಿತು.

ಆದುದರಿಂದ ವಾಚಕ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟು. ಮನೆಯ ಗಂಡು ಹೆಣ್ಣು ಮಕ್ಕಳಿಬ್ಬರಿಗೂ ನಾಲ್ಕು ಸಂಗತಿಗಳನ್ನು ಅಭ್ಯಾಸ ಮಾಡಿಸಿರಿ. ತಾನು ಹೇಳುವ ಮೊದಲು ಎದುರಿನವನ ಅಗತ್ಯವೇನೆಂದು ಕೇಳಿ ತಿಳಿಯುವುದು. ತನ್ನಲ್ಲಿರುವುದರ ಗುಣವನ್ನು ಸಂಕೋಚವಿಲ್ಲದೆ ಹೇಳುವುದು. ಅದರ ದೋಷವನ್ನು ಅವನು ಕೇಳುವ ಮೊದಲೇ ಒಪ್ಪಿಕೊಳ್ಳುವುದು. ಬೆಲೆಯನ್ನು ತಲೆತಗ್ಗಿಸದೆ ನುಡಿದು, ಅವನು ಬೇಡವೆಂದರೆ ಮುನಿಯದೆ ನಮಸ್ಕರಿಸಿ ಬರುವುದು. ಕೊನೆಯದೇ ಎಲ್ಲಕ್ಕಿಂತಲೂ ಕಠಿನವಾದದ್ದು. ಬೇಡವೆನಿಸಿಕೊಂಡೂ ಕುಗ್ಗದೆ ಮರುದಿನ ಇನ್ನೊಂದು ಬಾಗಿಲನ್ನು ತಟ್ಟುವ ಧೈರ್ಯವನ್ನು ಯಾವ ಪದವಿಪತ್ರವೂ ಕೊಡಲಾರದು. ಶಾಲೆಯ ಉತ್ಸವದಲ್ಲಿ ಮಕ್ಕಳು ಒಂದು ದಿನ ಅಂಗಡಿಯಿಟ್ಟು ಮಾರಲಿ. ಕಾಲೇಜಿನಲ್ಲಿ ಪ್ರತಿಯೊಬ್ಬನೂ ತಾನು ಮಾಡಿದ ಕೆಲಸವನ್ನು ಹತ್ತು ನಿಮಿಷ ನಿಂತು ವಿವರಿಸಲಿ.

ಇನ್ನು ನನ್ನ ಪಾಲಿನ ಕರ್ತವ್ಯ. ಮುಂದಿನ ಕೂಟಕ್ಕೆ ಗೆದ್ದಲು ಮುಟ್ಟದೆ ಉಳಿದಿರುವ ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು ಬರುವೆನು. ಮೊದಲು ಆ ಹಿರಿಯರ ಬಳಿಗೇ ಹೋಗುವೆನು. ಮೂರನೆಯ ಅಧ್ಯಾಯವು ಲಂಬಿಸಿ ಬೇಸರ ತರುವುದೆಂಬ ದೋಷವನ್ನು ಮೊದಲೇ ತಿಳಿಸಿ, ಉಳಿದುದು ಓದತಕ್ಕುದೆಂದು ಧೈರ್ಯವಾಗಿ ಹೇಳಿ, ಬೆಲೆಯನ್ನು ಕೇಳುವೆನು. ಅವರು ಬೇಡವೆಂದರೆ ನಮಸ್ಕರಿಸಿ ಪಕ್ಕದವರ ಕಡೆಗೆ ತಿರುಗುವೆನು. ಸರಸ್ವತಿಯು ಸಂತೆಗೆ ಹೋದರೆ ಆಕೆಗೇನೂ ಕೊರತೆಯಾಗದು; ಸಂತೆಗೆ ಬಂದ ನಾಲ್ಕು ಜನರಿಗೆ ಆಕೆಯ ದರ್ಶನವಾದೀತು.