ಚಿನ್ನವನ್ನು ಗುರುತಿಸುವ ಯಂತ್ರವಿಲ್ಲ

ಕಳೆದ ಆರು ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು, ನೆಂಟರಲ್ಲಿ ಇಬ್ಬರು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. "ಸರ್, ಸಮುದ್ರತೀರದ ಮರಳಿನಲ್ಲಿ ಬಿದ್ದುಹೋದ ಚಿನ್ನವನ್ನು ಹುಡುಕಲು ಯಾವ ಮೆಟಲ್ ಡಿಟೆಕ್ಟರ್ ಒಳ್ಳೆಯದು? ಚಿನ್ನಕ್ಕೆ ಮಾತ್ರ ಕೂಗುವಂಥದ್ದು ಯಾವುದು?" ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ ಮಗಳ ಮನೆಯಲ್ಲಿ ನಾನು ಕೆಲವು ತಿಂಗಳು ಇದ್ದು ಬಂದದ್ದೂ, ಅಲ್ಲಿ ಈ ಹವ್ಯಾಸವನ್ನು ಹತ್ತಿರದಿಂದ ಕಂಡದ್ದೂ ಇವರಿಗೆಲ್ಲ ಗೊತ್ತು. ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರವಿದೆ. ಎರಡನೆಯ ಭಾಗಕ್ಕಿಲ್ಲ, ಏಕೆಂದರೆ ಅಂಥ ಯಂತ್ರವೇ ಇಲ್ಲ. ಇದೆ ಎಂದು ಹೇಳಿ ಮಾರುವವನು ಸುಳ್ಳು ಹೇಳುತ್ತಿದ್ದಾನೆ. ಇದನ್ನು ಫೋನಿನಲ್ಲಿ ಐದು ಬಾರಿ ಹೇಳಿ ದಣಿದಿರುವುದರಿಂದ ಇಲ್ಲಿ ಒಮ್ಮೆ ವಿವರವಾಗಿ ಬರೆಯುತ್ತಿದ್ದೇನೆ. ಮಾತು ಕಟುವಾಗಿದ್ದರೆ ಕ್ಷಮಿಸಿ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಅಡಿಲೇಡಿನ ನೈರುತ್ಯಕ್ಕೆ ಗ್ಲೆನೆಲ್ಗ್ ಎಂಬ ಕಡಲತೀರವಿದೆ. ನಗರದ ನಡುವಿನಿಂದ ಟ್ರಾಮ್ ಹತ್ತಿದರೆ ಅಲ್ಲಿಗೇ ಒಯ್ದು ಇಳಿಸುತ್ತದೆ. ಭಾನುವಾರ ಜನ ಕಿಕ್ಕಿರಿದಿದ್ದ ಆ ಮರಳಿನ ಮೇಲೆ ಸೋಮವಾರ ಬೆಳಿಗ್ಗೆ ನನ್ನ ವಯಸ್ಸಿನ ಒಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೋಲಿನ ತುದಿಯ ತಟ್ಟೆಯಂಥ ಸುರುಳಿಯನ್ನು ಅತ್ತಿತ್ತ ಆಡಿಸುತ್ತ ನಿಧಾನವಾಗಿ ನಡೆಯುತ್ತಿದ್ದರು. ಮೂರ್ನಾಲ್ಕು ವಾರ ಕಂಡ ಮೇಲೆ ಪರಿಚಯವಾಯಿತು. ಒಂದು ದಿನ ತಮ್ಮ ಚೀಲವನ್ನು ಬಿಚ್ಚಿ ತೋರಿಸಿದರು. ಬಾಟಲಿಯ ಬಿರಡೆಗಳು, ತಂಪುಪಾನೀಯದ ಡಬ್ಬಿಯಿಂದ ಕಿತ್ತ ಅಲ್ಯುಮಿನಿಯಂ ಬಳೆಗಳು, ಸಿಗರೇಟು ಪೊಟ್ಟಣದ ಬೇಗಡೆ, ಗಾಳದ ಸೀಸದ ಗುಂಡುಗಳು, ಹದಿಮೂರು ನಾಣ್ಯಗಳು. "ಉಂಗುರ?" ಎಂದು ಕೇಳಿದೆ. ಆ ವರ್ಷ ಎರಡು ಸಿಕ್ಕಿದ್ದವಂತೆ; ಒಂದನ್ನು ಒಡತಿಗೆ ಮರಳಿಸಿದ್ದರು. "ಇದರೊಳಗೆ ಯಾವುದು ಉಂಗುರ ಎಂಬುದು ಅಗೆದು ಕೈಗೆ ಬರುವವರೆಗೆ ನನಗೂ ತಿಳಿಯದು, ಯಂತ್ರಕ್ಕೂ ತಿಳಿಯದು" ಎಂದರು. ಇಪ್ಪತ್ತು ವರ್ಷ ಆ ಕೆಲಸ ಮಾಡಿದವರ ಮಾತು ಅದು. ನಮ್ಮಲ್ಲಿ ಓಡಾಡುತ್ತಿರುವ ವಿಡಿಯೋಗಳಲ್ಲಿ ಈ ಚೀಲವನ್ನು ತೋರಿಸುವುದಿಲ್ಲ.

ಹತ್ತನೆಯ ತರಗತಿಯ ವಿಜ್ಞಾನ ಪಾಠವನ್ನು ನೆನಪಿಸಿಕೊಳ್ಳಿ. ತಂತಿಯ ಸುರುಳಿಯಲ್ಲಿ ಬದಲಾಗುವ ವಿದ್ಯುತ್ತನ್ನು ಹರಿಸಿದರೆ ಅದರ ಸುತ್ತ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರದಲ್ಲಿ ಲೋಹದ ತುಂಡೊಂದು ಇದ್ದರೆ ಅದರೊಳಗೆ ಸುಳಿಯಂತೆ ಸುತ್ತುವ ಪ್ರವಾಹ ಹುಟ್ಟುತ್ತದೆ. ಆ ಸುಳಿಪ್ರವಾಹ ತನ್ನದೇ ಆದ ಪುಟ್ಟ ಕಾಂತಕ್ಷೇತ್ರವನ್ನು ಮೂಡಿಸುತ್ತದೆ, ಇನ್ನೊಂದು ಸುರುಳಿ ಅದನ್ನು ಗ್ರಹಿಸುತ್ತದೆ, ಯಂತ್ರ ಕೂಗುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡ ತತ್ತ್ವವೇ ಇದಕ್ಕೆ ತಳಹದಿ. ಯಂತ್ರ ಅಳೆಯುವುದು ಎರಡೇ ಸಂಗತಿಗಳನ್ನು: ಮರಳಿ ಬಂದ ಪ್ರತಿಕ್ರಿಯೆ ಎಷ್ಟು ಬಲವಾಗಿದೆ, ಎಷ್ಟು ತಡವಾಗಿದೆ. ಇವೆರಡೂ ಲೋಹದ ವಾಹಕತೆ, ಗಾತ್ರ, ದಪ್ಪ, ಆಕಾರ, ಆಳ ಇವೆಲ್ಲವನ್ನೂ ಒಟ್ಟಿಗೆ ಅವಲಂಬಿಸಿವೆ. ಲೋಹದ ಹೆಸರು ಅದರಲ್ಲಿ ಬರೆದಿರುವುದಿಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದೊಳಗಿನ ಗುಂಡನ್ನು ಅಲೆಗ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಸಾಧನದಿಂದ ಹುಡುಕಲು ಹೋಗಿ ಸೋತರು. ಹಾಸಿಗೆಯೊಳಗಿದ್ದ ಲೋಹದ ಸುರುಳಿಗಳು ದಾರಿ ತಪ್ಪಿಸಿದವೆನ್ನುತ್ತಾರೆ. ಸಾಧನಕ್ಕೆ ಗುಂಡೂ ಲೋಹವೇ, ಹಾಸಿಗೆಯೂ ಲೋಹವೇ.

ವಾಹಕತೆಯ ಸಾಲಿನಲ್ಲಿ ಬೆಳ್ಳಿ ಮೊದಲು, ಆಮೇಲೆ ತಾಮ್ರ, ಆಮೇಲೆ ಚಿನ್ನ, ಅದರ ಬೆನ್ನಿಗೇ ಅಲ್ಯುಮಿನಿಯಂ. ಆಭರಣದ ಚಿನ್ನಕ್ಕೆ ತಾಮ್ರ, ಬೆಳ್ಳಿ ಬೆರೆಸಿರುತ್ತಾರೆ. ಬೆರಕೆಯಾದೊಡನೆ ವಾಹಕತೆ ಬಹಳ ಕುಸಿಯುತ್ತದೆ. ಆದ್ದರಿಂದ ಹೆಂಗಸರ ಒಂದು ತೆಳು ಉಂಗುರವೂ ಡಬ್ಬಿಯಿಂದ ಕಿತ್ತ ಒಂದು ಅಲ್ಯುಮಿನಿಯಂ ಬಳೆಯೂ ಪರದೆಯ ಮೇಲೆ ಒಂದೇ ಅಂಕಿಯನ್ನು ತೋರಿಸಬಲ್ಲವು. ಸರದ ಕಥೆ ಇನ್ನೂ ಕಷ್ಟ. ಅದು ನೂರಾರು ಸಣ್ಣ ಕೊಂಡಿಗಳ ಸಾಲಾದ್ದರಿಂದ ಪ್ರವಾಹ ಒಂದೊಂದು ಕೊಂಡಿಯೊಳಗೇ ಸುತ್ತಿ ನಿಲ್ಲುತ್ತದೆ. ಎರಡು ಪವನಿನ ಸರವನ್ನು ಬಿಟ್ಟು ಯಂತ್ರ ಎರಡು ರೂಪಾಯಿಯ ನಾಣ್ಯಕ್ಕೆ ಜೋರಾಗಿ ಕೂಗಿದರೆ ಆಶ್ಚರ್ಯಪಡಬೇಡಿ.

ಈಗ ನನ್ನ ಕಟುತನದ ಕಾರಣಕ್ಕೆ ಬರುತ್ತೇನೆ. ನಮ್ಮ ಕರಾವಳಿಯವನೇ ಆದ ಒಬ್ಬ ಹಳೆಯ ವಿದ್ಯಾರ್ಥಿ ಕಳೆದ ಮಳೆಗಾಲದ ಕೊನೆಗೆ ಮನೆಗೆ ಬಂದ. ಕೈಯಲ್ಲಿ ಒಂದು ಪೆಟ್ಟಿಗೆ. ಅದರಲ್ಲಿ ಪಿಸ್ತೂಲಿನಂಥ ಹಿಡಿ, ಹಿಡಿಯ ಮೇಲೆ ಸಲೀಸಾಗಿ ತಿರುಗುವ ಒಂದು ಆಂಟೆನಾ ಕಡ್ಡಿ, ಮಿನುಗುವ ಪುಟ್ಟ ಪರದೆ. ನೂರು ಮೀಟರ್ ದೂರದ ಚಿನ್ನದ ಕಡೆಗೂ ಕಡ್ಡಿ ತಾನಾಗಿ ತಿರುಗುತ್ತದೆಂದು ಮಾರಿದವನು ಹೇಳಿದ್ದನಂತೆ. ಬೆಲೆ 1,35,000 ರೂಪಾಯಿ. ಮನೆಯ ಮಾಡು ರಿಪೇರಿಗೆಂದು ಸಹಕಾರಿ ಸಂಘದಲ್ಲಿ ಇಟ್ಟಿದ್ದ ಹಣ.

"ಪರೀಕ್ಷೆ ಮಾಡಿದೆಯಾ ಮಾರಾಯ?" ಎಂದು ಕೇಳಿದೆ. "ಮಾಡಿದೆ ಸರ್, ಸರಿಯಾಗಿ ತೋರಿಸುತ್ತದೆ" ಎಂದ. ಅಂಗಳದಲ್ಲಿ ಐದು ಗೆರಟೆಗಳನ್ನು ಬೋರಲು ಹಾಕಿ, ಅವನ ಕಣ್ಣೆದುರೇ ಒಂದರ ಕೆಳಗೆ ನನ್ನ ಉಂಗುರವನ್ನಿಟ್ಟೆ. ಕಡ್ಡಿ ಅತ್ತಲೇ ತಿರುಗಿತು. ಐದು ಸಲ ಇಟ್ಟೆ, ಐದು ಸಲವೂ ಸರಿ. ಅವನ ಮುಖ ಅರಳಿತು. ಆಮೇಲೆ ನಾವಿಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ನನ್ನ ಹೆಂಡತಿ ಉಂಗುರವನ್ನು ಬಚ್ಚಿಟ್ಟು ಹಿತ್ತಿಲಿಗೆ ಹೋದಳು. ಅವಳ ಮುಖ ನೋಡಿ ಊಹಿಸುವ ಅವಕಾಶವೂ ಇರಬಾರದೆಂದು ಈ ಏರ್ಪಾಡು. ಹೀಗೆ ಇಪ್ಪತ್ತು ಸಲ ಮಾಡಿದೆವು. ಸರಿಯಾದದ್ದು ನಾಲ್ಕು. ಐದು ಗೆರಟೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಮುಟ್ಟಿದರೂ ಇಪ್ಪತ್ತಕ್ಕೆ ನಾಲ್ಕು ಸಲ ಸರಿಯಾಗುವುದನ್ನು ನಿರೀಕ್ಷಿಸಬಹುದು. ಕಡ್ಡಿಯನ್ನು ತಿರುಗಿಸುತ್ತಿದ್ದದ್ದು ಅವನ ಮಣಿಕಟ್ಟೇ. ಅದು ಅವನಿಗೇ ಗೊತ್ತಿರಲಿಲ್ಲ. ಅವನು ಬಹಳ ಹೊತ್ತು ಜಗಲಿಯ ಮೇಲೆ ಮಾತಿಲ್ಲದೆ ಕುಳಿತಿದ್ದ.

ಹಳ್ಳಿಯವನು ಮೋಸಹೋದ ಎಂದು ಯಾರೂ ನಗಬೇಡಿ. ಇಂಥದೇ ತಿರುಗುವ ಕಡ್ಡಿಯನ್ನು ಎಡಿಇ 651 ಎಂಬ ಹೆಸರಿನಲ್ಲಿ, ಬಾಂಬ್ ಶೋಧಕವೆಂದು ಹೇಳಿ, ಜೇಮ್ಸ್ ಮೆಕಾರ್ಮಿಕ್ ಎಂಬ ಬ್ರಿಟಿಷ್ ವ್ಯಾಪಾರಿ ಇರಾಕ್ ಸರಕಾರಕ್ಕೇ ಮಾರಿದ್ದ. ಅದರ ಮೂಲ, ಗಾಲ್ಫ್ ಚೆಂಡು ಹುಡುಕಿಕೊಡುತ್ತದೆಂದು ಮಾರಾಟವಾಗುತ್ತಿದ್ದ ಒಂದು ಆಟಿಕೆ. ಅದನ್ನು ನಂಬಿ ಸೈನಿಕರು ವಾಹನಗಳನ್ನು ತಪಾಸಣೆ ಮಾಡಿ ಮುಂದೆ ಬಿಟ್ಟರು. 2013ರಲ್ಲಿ ಲಂಡನ್ನಿನ ನ್ಯಾಯಾಲಯ ಅವನಿಗೆ ಹತ್ತು ವರ್ಷ ಸೆರೆಮನೆ ವಿಧಿಸಿತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಪರದೆಯೂ ದೀಪವೂ ಇದ್ದ ಮಾತ್ರಕ್ಕೆ ಅದು ಉಪಕರಣವಾಗುವುದಿಲ್ಲ. ಕೊಳ್ಳುವ ಮೊದಲು ಗೆರಟೆ ಪರೀಕ್ಷೆಗೆ ಒಪ್ಪದ ಮಾರಾಟಗಾರನಿಗೆ ಅಲ್ಲಿಂದಲೇ ಕೈಮುಗಿದು ಬನ್ನಿ.

ನಿಜವಾದ ಯಂತ್ರವನ್ನು ಕೊಂಡವರೂ ಇದೇ ಆಸೆಯಿಂದ ಕೆಡುತ್ತಾರೆ. ಎಲ್ಲ ಒಳ್ಳೆಯ ಯಂತ್ರಗಳಲ್ಲೂ ಬೇಡದ ಲೋಹವನ್ನು ಕೇಳಿಸದಂತೆ ಮಾಡುವ ವ್ಯವಸ್ಥೆಯಿದೆ, ಡಿಸ್ಕ್ರಿಮಿನೇಶನ್ ಎನ್ನುತ್ತಾರೆ. ಅಲ್ಯುಮಿನಿಯಂ ಅಗೆದು ಬೇಸತ್ತವರು ಆ ಅಂಕಿಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಆ ಕ್ಷಣದಲ್ಲಿ ಉಂಗುರವನ್ನೂ ಮುಚ್ಚಿದಂತಾಯಿತು. ಆಮೇಲೆ ದಿನವಿಡೀ ಬರಿಗೈಯಲ್ಲಿ ತಿರುಗಿ, ಯಂತ್ರ ಸರಿಯಿಲ್ಲವೆಂದು ದೂರುತ್ತಾರೆ. ಕುಣಿಯಲಾರದವಳಿಗೆ ನೆಲ ಡೊಂಕು. "ಎಲ್ಲ ಕಸವನ್ನೂ ಅಗೆದರೆ ಬೆನ್ನು ಉಳಿಯುತ್ತದೆಯೇ ಸರ್?" ಎಂದು ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಕಬ್ಬಿಣದ ಮೊಳೆಗಳು ತುಂಬಿದ ಜಾಗದಲ್ಲಿ ಕಬ್ಬಿಣವನ್ನು ಮಾತ್ರ ಮುಚ್ಚುವುದು ಸರಿಯೇ. ಅಲ್ಯುಮಿನಿಯಂ ಬೇಡವೆನ್ನುವವನು ಚಿನ್ನವೂ ಬೇಡವೆಂದು ಒಪ್ಪಿಕೊಳ್ಳಬೇಕು. "ಗೋಲ್ಡ್ ಮೋಡ್ ಇದೆಯಲ್ಲ?" ಎಂದು ಇನ್ನೊಬ್ಬ ಕೇಳಿದ. ಅದು ಚಿನ್ನದ ನಾಡುಗಳ ಒಣ ಮಣ್ಣಿನಲ್ಲಿ ಸಣ್ಣ ಹರಳಿನಷ್ಟು ಲೋಹವನ್ನೂ ಹಿಡಿಯಲೆಂದು ಮಾಡಿದ ಸೂಕ್ಷ್ಮ ಹೊಂದಿಕೆ. ಉಪ್ಪುಮರಳಿನಲ್ಲಿ ಅದನ್ನು ಹಾಕಿದರೆ ಯಂತ್ರ ಒಂದೇ ಸಮನೆ ಕಿರುಚುತ್ತದೆ.

ಉಪ್ಪಿನ ಮಾತು ಬಂದದ್ದರಿಂದ ಆಯ್ಕೆಯ ವಿಚಾರ ಹೇಳಿಬಿಡುತ್ತೇನೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಉಪ್ಪುನೀರು ವಿದ್ಯುತ್ ವಾಹಕ. ಆದ್ದರಿಂದ ಒದ್ದೆ ಮರಳೇ ಯಂತ್ರಕ್ಕೆ ಒಂದು ತೆಳು ಲೋಹದಂತೆ ಕೇಳಿಸುತ್ತದೆ. ಒಂದೇ ಆವರ್ತಾಂಕದಲ್ಲಿ, ಅಂದರೆ ಒಂದೇ ಫ್ರೀಕ್ವೆನ್ಸಿಯಲ್ಲಿ, ಕೆಲಸ ಮಾಡುವ ಸಾಮಾನ್ಯ ಯಂತ್ರ ಒಣ ಮರಳಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಅಲೆ ತಾಗುವ ಜಾಗಕ್ಕೆ ಬಂದೊಡನೆ ಸುಳ್ಳು ಕೂಗು ಶುರು. ಅದಕ್ಕೆ ಎರಡು ಪರಿಹಾರಗಳಿವೆ. ಒಂದು, ಏಕಕಾಲದಲ್ಲಿ ಹಲವು ಆವರ್ತಾಂಕಗಳನ್ನು ಬಳಸಿ, ಅವುಗಳ ಉತ್ತರಗಳನ್ನು ಹೋಲಿಸಿ ಉಪ್ಪಿನ ಪಾಲನ್ನು ಕಳೆಯುವ ಯಂತ್ರ. ಅಡಿಲೇಡಿನಲ್ಲಿಯೇ 1985ರಲ್ಲಿ ಆರಂಭವಾದ ಮೈನ್‌ಲ್ಯಾಬ್ ಕಂಪನಿಯ, 2018ರಲ್ಲಿ ಬಂದ ಈಕ್ವಿನಾಕ್ಸ್ ಈ ಬಗೆಯದು. ನೀರಿನಲ್ಲಿ ಮೂರು ಮೀಟರ್ ಆಳದವರೆಗೆ ತಡೆಯುತ್ತದೆ, ತೂಕ ಒಂದೂಕಾಲು ಕಿಲೋಗಿಂತ ತುಸು ಹೆಚ್ಚು. ಇನ್ನೊಂದು, ಪಲ್ಸ್ ಇಂಡಕ್ಷನ್ ಯಂತ್ರ. ಅದು ವಿದ್ಯುತ್ತಿನ ಒಂದು ಮಿಡಿತವನ್ನು ಕಳಿಸಿ ಕೆಲವು ಮೈಕ್ರೊಸೆಕೆಂಡು ಸುಮ್ಮನಿದ್ದು ಆಮೇಲೆ ಕೇಳುತ್ತದೆ. ಅಷ್ಟರಲ್ಲಿ ಉಪ್ಪಿನ ಪ್ರತಿಕ್ರಿಯೆ ಸತ್ತಿರುತ್ತದೆ, ಲೋಹದ್ದು ಉಳಿದಿರುತ್ತದೆ. ಇದು ಆಳಕ್ಕೆ ಇಳಿಯುತ್ತದೆ. ಆದರೆ ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ದುರ್ಬಲ. ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ಸತ್ಯ. ಒಣ ಮರಳಿನಲ್ಲೇ ಅಡ್ಡಾಡುವವನಿಗೆ ಅಗ್ಗದ್ದು ಸಾಕು. ನೀರಿನ ಅಂಚಿಗೆ ಇಳಿಯುವವನಿಗೆ ಬಹು ಆವರ್ತಾಂಕದ್ದು ಬೇಕು. ಮೊದಲು ನಿಮ್ಮ ಜಾಗವನ್ನು ನಿರ್ಧರಿಸಿ, ಆಮೇಲೆ ಯಂತ್ರವನ್ನು.

ಹೊಂದಿಸುವ ಕ್ರಮ ಹೀಗೆ. ಜೇಬಿನ ಮೊಬೈಲನ್ನು ದೂರವಿಡಿ. ತೀರಕ್ಕೆಂದೇ ಇರುವ ಹೊಂದಿಕೆಯನ್ನು ಆರಿಸಿ. ಸುತ್ತಲಿನ ವಿದ್ಯುತ್ ಗದ್ದಲವನ್ನು ತೊಡೆಯುವ ಗುಂಡಿಯಿದ್ದರೆ ಸುರುಳಿಯನ್ನು ಅಲುಗಿಸದೆ ಅದನ್ನು ಒತ್ತಿ. ಲೋಹವಿಲ್ಲದ ಒದ್ದೆ ಮರಳಿನ ಮೇಲೆ ಸುರುಳಿಯನ್ನು ಮೇಲಕ್ಕೆ ಕೆಳಕ್ಕೆ ಆಡಿಸಿ, ನೆಲದ ಸದ್ದು ಅಡಗುವಂತೆ ಸಮತೋಲ ಮಾಡಿ. ಸೂಕ್ಷ್ಮತೆಯನ್ನು ಗರಿಷ್ಠಕ್ಕೆ ಏರಿಸುವುದು ಹೊಸಬರ ಮೊದಲ ತಪ್ಪು. ಯಂತ್ರ ಶಾಂತವಾಗುವವರೆಗೆ ಇಳಿಸಿ. ಗದ್ದಲದ ಯಂತ್ರಕ್ಕಿಂತ ಶಾಂತ ಯಂತ್ರ ಹೆಚ್ಚು ಹೇಳುತ್ತದೆ. ನಿಮ್ಮದೇ ಉಂಗುರಕ್ಕೆ ಉದ್ದನೆಯ ದಾರ ಕಟ್ಟಿ 10, 15, 20 ಸೆಂಟಿಮೀಟರ್ ಆಳದಲ್ಲಿ ಹೂತು, ಅದರ ದನಿಯನ್ನು ಕಿವಿಗೆ ಪರಿಚಯ ಮಾಡಿಸಿ. ಸುರುಳಿ ಮರಳಿಗೆ ಸಮಾನಾಂತರವಾಗಿ, ತಾಗುವಷ್ಟು ಹತ್ತಿರ, ನಿಧಾನವಾಗಿ ಸಾಗಲಿ. ಇಳಿತದ ಹೊತ್ತಿನಲ್ಲಿ, ಬಿರುಸಾದ ಅಲೆಗಳು ಮರಳನ್ನು ಕೊಚ್ಚಿಕೊಂಡು ಹೋದ ಮೇಲೆ ಹೋಗಿ. ಚಿನ್ನದ ಸಾಂದ್ರತೆ 19.3, ಅಲ್ಯುಮಿನಿಯಮ್ಮಿನದು 2.7, ಮರಳಿನದೂ ಅದರ ಆಸುಪಾಸು. ಯಂತ್ರ ಮಾಡಲಾರದ ವಿಂಗಡಣೆಯನ್ನು ಸಮುದ್ರ ಸ್ವಲ್ಪ ಮಟ್ಟಿಗೆ ಮಾಡಿಕೊಡುತ್ತದೆ: ಹಗುರವಾದದ್ದು ತೇಲಾಡುತ್ತ ಹೋಗುತ್ತದೆ, ಭಾರವಾದದ್ದು ಒಂದೆಡೆ ತಂಗುತ್ತದೆ. ಅಗೆದ ಗುಂಡಿಯನ್ನು ಮುಚ್ಚಿ, ಮಕ್ಕಳು ಓಡಾಡುವ ಜಾಗ ಅದು. ಮನೆಗೆ ಬಂದು ಯಂತ್ರವನ್ನು ಸಿಹಿನೀರಿನಿಂದ ತೊಳೆಯಿರಿ.

ಇಷ್ಟೆಲ್ಲ ಮಾಡಿ ಉಂಗುರವೊಂದು ಸಿಕ್ಕಿತೆನ್ನಿ. ಅದು ಯಾರದು? ತೀರದಲ್ಲಿ ಸಿಗುವ ಆಭರಣದ ಹಿಂದೆ ಅಳುತ್ತ ಮನೆಗೆ ಹೋದ ಒಬ್ಬರಿರುತ್ತಾರೆ. ಒಡೆಯರನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ಇಟ್ಟುಕೊಳ್ಳುವುದು ನಮ್ಮ ದೇಶದ ಕಾನೂನಿನಲ್ಲಿ ಅಪರಾಧ. ಪೊಲೀಸ್ ಠಾಣೆಗೆ ಒಪ್ಪಿಸುವುದು ಸರಿಯಾದ ದಾರಿ. ನೆಲದಲ್ಲಿ ಅಡಗಿಸಿಟ್ಟ ಹಳೆಯ ನಿಧಿಯ ವಿಚಾರದಲ್ಲಿ 1878ರ ಭಾರತೀಯ ನಿಧಿ ಕಾಯಿದೆ ಹತ್ತು ರೂಪಾಯಿ ಮೀರಿದ ಯಾವುದನ್ನೂ ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ನಮ್ಮ ರಾಜ್ಯಕ್ಕೆ 1962ರದೇ ಪ್ರತ್ಯೇಕ ಕಾಯಿದೆಯಿದೆ. ಹಳೆಯ ಗುಡಿ, ಕೋಟೆಗಳ ಬಳಿ ಯಂತ್ರ ಹಿಡಿದು ಹೋಗಲೇಬೇಡಿ. ಇದನ್ನು ಸಂಪಾದನೆಯ ದಾರಿ ಎಂದು ಕೊಳ್ಳುವವರು ಕೊಳ್ಳದಿರುವುದೇ ಒಳ್ಳೆಯದು. ಬೆಳಗಿನ ನಡಿಗೆ, ಭೌತಶಾಸ್ತ್ರದ ಸಂತೋಷ, ಎಂದಾದರೊಮ್ಮೆ ಒಬ್ಬರ ಕಣ್ಣೀರು ಒರೆಸುವ ಅವಕಾಶ, ಇಷ್ಟು ಸಾಕೆನ್ನುವವರು ಕೊಳ್ಳಲಿ.

ಆ ವಿದ್ಯಾರ್ಥಿಯ ಹಣ ಮರಳಿ ಬರಲಿಲ್ಲ. ಮಾರಿದವನ ಫೋನು ಈಗ ಬಂದ್ ಆಗಿದೆ. ನನ್ನನ್ನು ಕಾಡುತ್ತಿರುವುದು ಇನ್ನೊಂದು ಸಂಗತಿ. ವಿದ್ಯುತ್ಕಾಂತೀಯ ಪ್ರೇರಣೆಯನ್ನು ಚಿತ್ರಸಹಿತ ವಿವರಿಸಿ ಎಂಬ ಪ್ರಶ್ನೆಗೆ ಆ ಹುಡುಗ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂದವಾಗಿ ಉತ್ತರ ಬರೆದಿದ್ದ. ಪೂರ್ಣ ಅಂಕ ಕೊಟ್ಟವನು ನಾನೇ. ಉತ್ತರ ಬರೆಯುವುದನ್ನು ಕಲಿಸಿದೆ. ಒಬ್ಬ ಮಾರಾಟಗಾರನೆದುರು ನಿಂತು "ತೋರಿಸಿ ನೋಡೋಣ" ಎನ್ನುವುದನ್ನು ಕಲಿಸಲಿಲ್ಲ. ಆ ಪಾಠ ಬಾಕಿಯಿದೆ. ನಿಮ್ಮಲ್ಲಿ ಯಾರಾದರೂ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದರೆ, ಹಣ ಕೊಡುವ ಮೊದಲು ಅದನ್ನು ಒಮ್ಮೆ ನಮ್ಮ ಮನೆಗೆ ತನ್ನಿ. ಉಂಗುರವೂ ಐದು ಗೆರಟೆಗಳೂ ಜಗಲಿಯಲ್ಲೇ ಇವೆ. ಬಚ್ಚಿಡಲು ನನ್ನ ಹೆಂಡತಿಯೂ ಒಪ್ಪಿದ್ದಾಳೆ.