ಬಿಟ್ಟಿ ಚಾಕರಿಯಲ್ಲ, ಸೇವೆ



ಎರಡು ಮಾತುಗಳಿಗೆ ಈ ಸಂಚಿಕೆಯಲ್ಲಿ ಉತ್ತರ ಕೊಡಬೇಕಾಗಿದೆ. ಮೊದಲನೆಯದು ನಮ್ಮ ಸಭೆಗಳೊಳಗಿನಿಂದಲೇ ಬರುತ್ತದೆ: "ಬಸ್ಸು, ಗಿಡ, ಕೆರೆ ಎಲ್ಲ ಲೋಕದ ಕೆಲಸ. ನಾವು ಪ್ರಾರ್ಥನೆ ಮಾಡಿಕೊಂಡು ಸುಮ್ಮನಿದ್ದರೆ ಸಾಕು." ಎರಡನೆಯದು ಊರ ದೊಡ್ಡವರ ಬಾಯಿಂದ ಬರುತ್ತದೆ: "ಎಲ್ಲವನ್ನೂ ಸರಕಾರವೇ ಮಾಡಬೇಕೇನು? ಜನ ಶ್ರಮದಾನ ಮಾಡಲಿ." ಮೊದಲನೆಯ ಮಾತು ನಮ್ಮ ಕೈ ಕಟ್ಟುತ್ತದೆ. ಎರಡನೆಯದು ಅದೇ ಕೈಯನ್ನು ಪುಕ್ಕಟೆಯಾಗಿ ಕೇಳುತ್ತದೆ. ಎರಡನ್ನೂ ನಾವು ಒಪ್ಪುವುದಿಲ್ಲ.

ಹುಲಜಂತಿಯ ವಿಚಾರವನ್ನೇ ತೆಗೆದುಕೊಳ್ಳೋಣ. ಸೊಲ್ಲಾಪುರ ಜಿಲ್ಲೆ, ಮಂಗಳವೇಢೆ ತಾಲೂಕು. ಆಳುವ ಮಾತು ಮರಾಠಿ, ಬಹಳ ಮನೆಗಳಲ್ಲಿ ಆಡುವ ಮಾತು ಕನ್ನಡ. ದೀಪಾವಳಿಗೆ ಮಹಾಲಿಂಗರಾಯನ ಜಾತ್ರೆಯಾದಾಗ ಪಲ್ಲಕ್ಕಿಗಳ ಭೇಟಿ ನೋಡಲು ಎರಡೂ ರಾಜ್ಯಗಳ ಜನ ಕೂಡುತ್ತಾರೆ. ಭಂಡಾರ ಹಾರಿ ನೆಲವೆಲ್ಲ ಹಳದಿಯಾಗುತ್ತದೆ. ಜಾತ್ರೆ ಮುಗಿಯಿತೆಂದರೆ ಕಬ್ಬಿನ ಹಂಗಾಮು. ಈ ಸೀಮೆಯ ಬಡವರು ಮುಕಾದಮನ ಹತ್ತಿರ ಮುಂಗಡ ತೆಗೆದುಕೊಂಡು, ಮಕ್ಕಳುಮರಿ ಕಟ್ಟಿಕೊಂಡು ಕಬ್ಬು ಕಡಿಯಲು ಹೊರಡುತ್ತಾರೆ. ಹಿಂದೆ ಉಳಿದವರು ಮುದುಕರು, ಬಾಣಂತಿಯರು, ಶಾಲೆಗೆ ಹೋಗುವ ಮಕ್ಕಳು. ಇವರಲ್ಲಿ ಯಾರ ಮನೆ ಮುಂದೆಯೂ ಮೋಟಾರು ನಿಂತಿರುವುದಿಲ್ಲ. ಇವರಿಗೆ ಬಸ್ಸೇ ಕಾಲು.

ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳ ಲೈನುಮನೆಗಳಲ್ಲಿ ಈ ಪತ್ರಿಕೆ ಓದುವವರು ಕೇಳಬಹುದು: "ಹುಲಜಂತಿಯ ಬಸ್ಸಿನಿಂದ ನಮಗೇನಾಗಬೇಕು?" ನಿಮ್ಮ ಲೈನಿನಿಂದ ಡಾಂಬರು ರಸ್ತೆಗೆ ಎಷ್ಟು ದೂರ? ರಾತ್ರಿ ಹೆರಿಗೆ ನೋವು ಬಂದರೆ ಯಾರ ಜೀಪು ಕೇಳುತ್ತೀರಿ? ಆ ಜೀಪಿನ ಉಪಕಾರವನ್ನು ಕೂಲಿ ಹೆಚ್ಚಳ ಕೇಳುವ ದಿನ ಯಾರು ನೆನಪು ಮಾಡಿಕೊಡುತ್ತಾರೆ? ಬಸ್ಸಿಲ್ಲದ ಕೂಲಿಗಾರ ಇನ್ನೊಬ್ಬರ ಗಾಡಿಗೆ ಕೈಯೊಡ್ಡಲೇಬೇಕು. ಕೈಯೊಡ್ಡಿದವನ ಬಾಯಿ ಅರ್ಧ ಕಟ್ಟಿತು. ಆದ್ದರಿಂದ ಬಸ್ಸಿನ ಮಾತು ಸ್ವಾತಂತ್ರ್ಯದ ಮಾತು.

ಮಹಾರಾಷ್ಟ್ರದ ಎಸ್.ಟಿ. ಬಸ್ಸು ಮೊದಲು ಓಡಿದ್ದು 1948ರ ಜೂನ್ 1ರಂದು, ಪುಣೆ ಮತ್ತು ಅಹಮದನಗರದ ನಡುವೆ. ಊರಿದ್ದಲ್ಲಿ ರಸ್ತೆ, ರಸ್ತೆಯಿದ್ದಲ್ಲಿ ಎಸ್.ಟಿ. ಎಂಬುದು ಆ ಸಂಸ್ಥೆಯ ಹಳೆಯ ಘೋಷಣೆ. ಒಳ್ಳೆಯ ಘೋಷಣೆ; ಅದನ್ನೇ ಹಿಡಿದು ಕೇಳೋಣ. ಹಳ್ಳಿಯ ಹೆಣ್ಣುಮಕ್ಕಳಿಗೆ ಶಾಲೆಗೆ ಹೋಗಲು ಅಹಲ್ಯಾಬಾಯಿ ಹೋಳ್ಕರರ ಹೆಸರಿನಲ್ಲಿ ಪುಕ್ಕಟೆ ಪಾಸು ಕೊಟ್ಟರು. 2022ರ ಆಗಸ್ಟಿನಲ್ಲಿ 75 ದಾಟಿದ ವೃದ್ಧರಿಗೆ ಪುಕ್ಕಟೆ ಪ್ರಯಾಣ ಬಂತು. 2023ರ ಮಾರ್ಚ್ 17ರಿಂದ ಹೆಂಗಸರಿಗೆ ಅರ್ಧ ಟಿಕೇಟು ಆಯಿತು. ಆಚೆ ಕರ್ನಾಟಕದಲ್ಲಿ ಅದೇ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಟಿಕೇಟೇ ಬೇಡವೆಂದಾಯಿತು. ಎಲ್ಲವೂ ಸ್ವಾಗತಾರ್ಹ. ಆದರೆ ಬಾರದ ಬಸ್ಸಿನಲ್ಲಿ ಅರ್ಧ ಟಿಕೇಟಿಗೆ ಏನು ಬೆಲೆ? ಮಧ್ಯಾಹ್ನದ ಫೇರಿ ರದ್ದಾದ ದಿನ ಹುಡುಗಿಯ ಕೈಯಲ್ಲಿರುವ ಪಾಸು ಬರೀ ಕಾಗದ. ಹಾಗೆ ನಾಲ್ಕು ಸಲ ಆದರೆ ತಂದೆ ಶಾಲೆ ಬಿಡಿಸುತ್ತಾನೆ. ಆಮೇಲೆ ಆ ಹುಡುಗಿ ಕೊಯ್ತಾ ಹಿಡಿಯುತ್ತಾಳೆ. ಒಂದು ರದ್ದಾದ ಫೇರಿಯ ಹಿಂದೆ ಒಂದು ಇಡೀ ಆಯುಷ್ಯ ನಿಂತಿರುತ್ತದೆ.

ಬಸ್ಸು ಬಿಡಲು ಆಗುವುದೇ ಇಲ್ಲ ಎಂದು ಯಾರೂ ಹೇಳಬಾರದು. ಪಂಢರಪುರದ ಆಷಾಢಿ ವಾರಿಗೆ 2024ರಲ್ಲಿ 5000 ಹೆಚ್ಚಿನ ಬಸ್ಸು ಬಿಡುವುದಾಗಿ ಸಂಸ್ಥೆ ಪ್ರಕಟಿಸಿತು. ವಾರಕರಿಗಳ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರಲ್ಲಿ ಹೆಚ್ಚಿನವರು ನಮ್ಮಂತೆಯೇ ದುಡಿದು ತಿನ್ನುವವರು. ಮನಸ್ಸಿದ್ದರೆ ಗಾಡಿ ಸಿಗುತ್ತದೆ ಎಂಬುದಕ್ಕೆ ಅದು ಸಾಕ್ಷಿ, ಅಷ್ಟೆ.

ಗಡಿಯ ಜಗಳವನ್ನೂ ಹೇಳಬೇಕು. 2022ರ ನವೆಂಬರಿನಲ್ಲಿ ಜತ್ತ, ಅಕ್ಕಲಕೋಟೆಯ ಹಳ್ಳಿಗಳು ಯಾವ ರಾಜ್ಯಕ್ಕೆ ಸೇರಬೇಕೆಂದು ಎರಡೂ ಕಡೆಯ ಮುಖಂಡರು ಮಾತಿಗೆ ಮಾತು ಬೆಳೆಸಿದರು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಬಸ್ಸುಗಳು ಕರ್ನಾಟಕಕ್ಕೆ ಹೋಗುವುದು ನಿಂತಿತು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಹತ್ತಿರ ಒಬ್ಬ ಕಂಡಕ್ಟರನ ಮೇಲೆ ಕೈ ಮಾಡಿದ ಮೇಲೆ ಮತ್ತೆ ನಿಂತಿತು. ಮಾತಾಡಿದವರು ಯಾರೂ ನಡೆದುಕೊಂಡು ಹೋಗಲಿಲ್ಲ. ನಡೆದವರು ಗಂಟು ಹೊತ್ತ ಕೂಲಿಗಾರರು. ಇಂಡಿಯಲ್ಲಿ ಮಗಳನ್ನು ಕೊಟ್ಟವನಿಗೆ, ಚಡಚಣದ ಸಂತೆಗೆ ಹೋಗುವವಳಿಗೆ ಗಡಿ ಎಂದರೆ ಬಸ್ಸು ನಿಲ್ಲುವ ಜಾಗ. ಅಭಿಮಾನದ ಬೆಲೆಯನ್ನು ಪ್ರತಿ ಸಲವೂ ಬಡವನ ಕಾಲೇ ತೆರಬೇಕೇ?

ಇದು ಲೋಕದ ಕೆಲಸ ಎನ್ನುವವರು ಸತ್ಯವೇದವನ್ನು ತೆರೆದು ನೋಡಲಿ. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಸಮಾರ್ಯದವನು ಬರೀ ಪ್ರಾರ್ಥಿಸಿ ಬಿಟ್ಟು ಹೋಗಲಿಲ್ಲ. ಗಾಯ ಕಟ್ಟಿ, ತನ್ನ ಪಶುವಿನ ಮೇಲೆ ಹತ್ತಿಸಿ, ಛತ್ರಕ್ಕೆ ಮುಟ್ಟಿಸಿದನು. ಮುಟ್ಟಿಸುವುದೂ ಪ್ರೀತಿಯ ಭಾಗ. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದು, ಜನದ ನೂಕುನುಗ್ಗಲಿನಲ್ಲಿ ದಾರಿ ಸಿಗದಾಗ ಮಾಳಿಗೆಯನ್ನೇ ಬಿಚ್ಚಿ ಕೆಳಗೆ ಇಳಿಸಿದರು. ಕರ್ತನು ಕಂಡದ್ದು ಆ ನಾಲ್ವರ ನಂಬಿಕೆಯನ್ನು. ಅವರು ಇಂದು ನಮ್ಮ ಸಭೆಯಲ್ಲಿ ಇದ್ದಿದ್ದರೆ "ಮಾಳಿಗೆ ಬಿಚ್ಚುವುದು ಲೋಕದ ಕೆಲಸ" ಎಂದು ನಮ್ಮವರೇ ಕೂರಿಸುತ್ತಿದ್ದರೇನೋ!

ಇನ್ನು ಶ್ರಮದಾನ ಮಾಡಿರೆನ್ನುವ ದೊಡ್ಡವರಿಗೆ. ಮಂಗಳವೇಢೆಯ ಮಣ್ಣಿಗೆ ಈ ವಿಷಯ ಚೆನ್ನಾಗಿ ಗೊತ್ತು. ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದ ಊರು ಅದು. ದುಡಿಮೆಗೆ ಕಾಯಕವೆಂಬ ಗೌರವ ಕೊಟ್ಟವರು ಓಡಾಡಿದ ನೆಲ. ಬರಗಾಲದಲ್ಲಿ ಸರಕಾರದ ಕಣಜ ತೆರೆದು ಹಸಿದವರಿಗೆ ಹಂಚಿದ ದಾಮಾಜಿಪಂತರ ಊರೂ ಅದೇ. ಆದರೆ ಅದೇ ಊರಲ್ಲಿ ಸಂತ ಚೋಖಾಮೇಳ ಸತ್ತದ್ದು ಹೇಗೆ? ಅಸ್ಪೃಶ್ಯರನ್ನು ಹಿಡಿದು ತಂದು ಗೋಡೆ ಕಟ್ಟಿಸುತ್ತಿದ್ದಾಗ ಗೋಡೆ ಕುಸಿದು, ಉಳಿದ ಕೆಲಸಗಾರರೊಂದಿಗೆ ಅವನೂ ಅಡಿಯಲ್ಲಿ ಸಿಕ್ಕಿ ಸತ್ತ. 1338ರಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಆ ಗೋಡೆಯೂ ಊರ ಹಿತಕ್ಕೇ ಎಂದು ಆಗಿನ ದೊಡ್ಡವರು ಹೇಳಿದ್ದಿರಬೇಕು. ಬಡವನ ಬೆವರನ್ನು ಕೂಲಿಯಿಲ್ಲದೆ ತೆಗೆದುಕೊಂಡು ಅದಕ್ಕೆ ಪುಣ್ಯದ ಹೆಸರಿಡುವ ಚಾಳಿ ಹಳೆಯದು. ಅದಕ್ಕೆ ನಿಜವಾದ ಹೆಸರು ಬಿಟ್ಟಿ.

1972ರ ಬರದಲ್ಲಿ ಮಹಾರಾಷ್ಟ್ರದ ಲಕ್ಷಾಂತರ ಜನ ಕಲ್ಲು ಒಡೆದರು, ಕೆರೆ ತೋಡಿದರು, ರಸ್ತೆ ಮಾಡಿದರು. ಕೂಲಿ ಕೇಳಿದರು, ಹೋರಾಡಿದರು. ಆ ಹೋರಾಟದಿಂದಲೇ 1977ರ ಉದ್ಯೋಗ ಖಾತರಿ ಕಾನೂನು ಬಂತು. ಮುಂದೆ 2005ರಲ್ಲಿ ಇಡೀ ದೇಶಕ್ಕೆ ಕಾನೂನಾದಾಗ ಅದೇ ದಾರಿ ತೋರಿಸಿತ್ತು. ಕೆರೆ ತೋಡುವುದು ಕೂಲಿಯ ಕೆಲಸ ಎಂದು ಬಡವರು ಹೊಡೆದಾಡಿ ಸಿದ್ಧಮಾಡಿದ್ದಾರೆ. 2016ರಿಂದ ನಾಲ್ಕು ವರ್ಷ ಮಹಾರಾಷ್ಟ್ರದಲ್ಲಿ ವಾಟರ್ ಕಪ್ ಎಂಬ ಸ್ಪರ್ಧೆ ನಡೆಯಿತು. ಬೇಸಗೆಯ ಉರಿಯಲ್ಲಿ ಊರಿಗೆ ಊರೇ ಸಲಿಕೆ ಬುಟ್ಟಿ ಹಿಡಿದು ಒಡ್ಡು ಹಾಕಿತು. ಅದರಲ್ಲಿ ಒಳ್ಳೆಯದು ಬಹಳ ಇತ್ತು: ಮಾತು ಬಿಟ್ಟವರು ಕೂಡಿ ದುಡಿದರು, ಮಳೆನೀರು ನಿಂತಿತು. ಆದರೆ ನಮ್ಮದೊಂದು ಪ್ರಶ್ನೆ. ಒಡ್ಡಿನ ನೀರು ಇಂಗಿ ಯಾರ ಬಾವಿಗೆ ಹೋಗುತ್ತದೆ? ಹೊಲವಿದ್ದವನ ಬಾವಿಗೆ. ಆ ಬಾವಿಯಿಂದ ಏನು ಬೆಳೆಯುತ್ತದೆ? ಹೆಚ್ಚಿನ ಪಾಲು ಕಬ್ಬು, ದಾಳಿಂಬೆ. ಹೊಲವಿಲ್ಲದವನು ಬುಟ್ಟಿ ಹೊತ್ತದ್ದಕ್ಕೆ ಅವನಿಗೆ ಸಿಕ್ಕಿದ್ದು ಚಪ್ಪಾಳೆ. ಅವನ ಹೆಂಡತಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುವುದು ತಪ್ಪದಿದ್ದರೆ ಅದು ದಾನವೇ, ಸುಲಿಗೆಯೇ?

ನೆಹೆಮೀಯನು ಯೆರೂಸಲೇಮಿನ ಗೋಡೆ ಕಟ್ಟಿಸಿದ ಅಧ್ಯಾಯ ನೋಡಿರಿ. ಅಲ್ಲಿ ಅಕ್ಕಸಾಲಿಗನೂ ಇದ್ದಾನೆ, ವ್ಯಾಪಾರಿಯೂ ಇದ್ದಾನೆ, ಅಧಿಕಾರಿಯೊಬ್ಬ ತನ್ನ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದಿದ್ದಾನೆ. ತೆಕೋವದವರೂ ಬಂದರು, ಅವರ ಊರ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ. ಸತ್ಯವೇದ ಅದನ್ನು ಮುಚ್ಚಿಡದೆ ಬರೆದಿಟ್ಟಿದೆ! ಗೋಡೆ ಏಳುತ್ತಿದ್ದಾಗಲೇ ಬಡವರು ಹೊಲ ಒತ್ತೆಯಿಟ್ಟು ಮಕ್ಕಳನ್ನು ಜೀತಕ್ಕೆ ಬಿಡುವಂತಾಗಿದೆ ಎಂದು ಗೋಳಿಟ್ಟರು. ಗೋಡೆಯ ಕೆಲಸ ದೊಡ್ಡದು, ನಿಮ್ಮ ದೂರು ಆಮೇಲೆ ಎಂದು ನೆಹೆಮೀಯ ಹೇಳಲಿಲ್ಲ. ಸಾಲ ಕೊಟ್ಟವರನ್ನು ಕರೆಸಿ, ಹೊಲಮನೆ ತಿರುಗಿ ಕೊಡಿಸಿದ. ನಮಗೆ ಬೇಕಾದ ಸೇವೆ ಈ ತರಹದ್ದು.

ಹಾಗಾದರೆ ಗಿಡಮರದ ಕೆಲಸ ನಮಗೆ ಬೇಡವೇ? ಬೇಕು. ಎಲ್ಲರಿಗಿಂತ ಮೊದಲು ನಮಗೇ ಬೇಕು. 2020ರ ಆಗಸ್ಟ್ 6ರ ರಾತ್ರಿ ಕೇರಳದ ಮುನ್ನಾರಿನ ಹತ್ತಿರ ಪೆಟ್ಟಿಮುಡಿಯಲ್ಲಿ ಗುಡ್ಡ ಜಾರಿ ಚಹಾ ತೋಟದ ಲೈನುಮನೆಗಳ ಮೇಲೆ ಬಿತ್ತು. 70 ಜನ ಹೋದರು. ದಾರಿ ಕಡಿದು, ಫೋನು ಕೆಟ್ಟು, ಸುದ್ದಿ ಹೊರಗೆ ಮುಟ್ಟಲು ಬೆಳಗಾಗಬೇಕಾಯಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಸತ್ತವರಲ್ಲಿ ತೋಟದ ಕೂಲಿಗಾರರು ಎಷ್ಟು ಮಂದಿ! ಗುಡ್ಡದ ಮೇಲಿನ ಮರ ಕಡಿದವನು ಬೇರೆ, ಗುಡ್ಡದ ಕೆಳಗೆ ಮಲಗಿದವನು ಬೇರೆ. ಪರಿಸರ ಎಂಬುದು ಪಟ್ಟಣದವರ ಹವ್ಯಾಸ ಎಂದುಕೊಂಡವರು ಇದನ್ನು ಎಣಿಸಲಿ. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲೇ ಎಚ್ಚರಿಕೆ ಕೊಟ್ಟಿತ್ತು. 2013ರಲ್ಲಿ ಕೇರಳದ ಕೆಲವು ಸಭಾಧಿಕಾರಿಗಳೇ ಅದರ ವಿರುದ್ಧ ಜನರನ್ನು ಬೀದಿಗಿಳಿಸಿದರು. ಸಣ್ಣ ಹಿಡುವಳಿದಾರರ ಭಯ ನಿಜವಾದದ್ದು, ಅದಕ್ಕೆ ಉತ್ತರ ಕೊಡಬೇಕಾಗಿತ್ತು. ಆದರೆ ಲೈನುಮನೆಯ ಕೂಲಿಗಾರನ ಪರವಾಗಿ ಅಂದು ಯಾವ ಗಂಟೆಯೂ ಗಟ್ಟಿಯಾಗಿ ಬಾರಿಸಲಿಲ್ಲ.

ಮರ ನೆಟ್ಟು ಹೆಸರಾದವರು ಯಾರು? ಮಾಗಡಿ ತಾಲೂಕಿನ ಹುಲಿಕಲ್ಲು ಮತ್ತು ಕುದೂರಿನ ನಡುವೆ ಸುಮಾರು 385 ಆಲದ ಮರ ಬೆಳೆಸಿದ, 2025ರ ನವೆಂಬರಿನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕ ಕೂಲಿ ಮಾಡಿ ಬದುಕಿದವರು. ಕೊಡದಲ್ಲಿ ನೀರು ಹೊತ್ತು ಗಂಡಹೆಂಡತಿ ಆ ಗಿಡಗಳನ್ನು ಸಾಕಿದರು. ಅಂಕೋಲೆಯ ತುಳಸಿ ಗೌಡ, 2024ರ ಡಿಸೆಂಬರಿನಲ್ಲಿ ತೀರಿಕೊಂಡವರು, ಅರಣ್ಯ ಇಲಾಖೆಯ ಸಸಿ ತೋಟದಲ್ಲಿ ದಿನಗೂಲಿಯಾಗಿ ವರ್ಷಾನುವರ್ಷ ದುಡಿದವರು. ತಿಮ್ಮಕ್ಕನವರದು ತಾನಾಗಿ ಕೊಟ್ಟ ಸೇವೆ. ತುಳಸಿ ಗೌಡರದು ಕೂಲಿಯ ದುಡಿಮೆ. ಇಬ್ಬರಿಗೂ ಪದ್ಮಶ್ರೀ ಬಂತು. ಕೂಲಿ ತೆಗೆದುಕೊಂಡರೆಂದು ತುಳಸಿ ಗೌಡರ ಮರದ ನೆರಳೇನೂ ಕಡಿಮೆಯಾಗಲಿಲ್ಲ.

ಆದ್ದರಿಂದ ನಮ್ಮ ನಿಲುವು ಇಷ್ಟು. ನಾವು ಕೈ ಕೊಡುತ್ತೇವೆ, ಮೂರು ಶರತ್ತಿನ ಮೇಲೆ. ಒಂದು, ಊರ ಕೆಲಸಕ್ಕೆ ಊರೆಲ್ಲ ಬರಬೇಕು. ಟ್ರ್ಯಾಕ್ಟರು ಇದ್ದವನು ಟ್ರ್ಯಾಕ್ಟರು ತರಲಿ, ನಾವು ಸಲಿಕೆ ತರುತ್ತೇವೆ. ಎರಡು, ನಮ್ಮ ಬೆವರಿನಿಂದ ಬಂದ ನೀರು, ನೆರಳು, ಮೇವು ಎಲ್ಲರದಾಗಬೇಕು. ಅದನ್ನು ಕೆಲಸಕ್ಕೆ ಮೊದಲೇ ಗ್ರಾಮಸಭೆಯಲ್ಲಿ ಬರೆಸಬೇಕು. ಮೂರು, ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಸೇವೆಯ ಹೆಸರಿನಲ್ಲಿ ಮಾಡಿಸಬಾರದು. 2021ರ ಕೊನೆಯಿಂದ 2022ರ ಏಪ್ರಿಲ್ ತನಕ ಎಸ್.ಟಿ. ನೌಕರರು ಮುಷ್ಕರ ಹೂಡಿದಾಗ ಹಳ್ಳಿಯವರಿಗೆ ಬಹಳ ತೊಂದರೆಯಾಯಿತು. ಆದರೂ ಡ್ರೈವರು, ಕಂಡಕ್ಟರು ನಮ್ಮಂತೆ ದುಡಿಯುವವರೇ. ಬಸ್ಸಿಗಾಗಿ ಹೋರಾಡುವವರು ಬಸ್ಸು ಓಡಿಸುವವರ ಹೊಟ್ಟೆಯ ಮೇಲೆ ಹೊಡೆಯಬಾರದು.

ಕೆಲಸ ಎಲ್ಲಿಂದ ಶುರು ಮಾಡುವುದು? ಒಂದು ನೋಟುಬುಕ್ಕಿನಿಂದ. ಬಸ್ ನಿಲ್ದಾಣದಲ್ಲಿ ಓದುಬರಹ ಬಲ್ಲ ನಮ್ಮ ಹುಡುಗ ಹುಡುಗಿಯರು ಪಾಳಿಯಂತೆ ಬರೆಯಲಿ: ತಾರೀಖು, ಬಸ್ಸು ಬರಬೇಕಾದ ಹೊತ್ತು, ಬಂದ ಹೊತ್ತು, ಜಾಗವಿಲ್ಲದೆ ಹಿಂದೆ ಉಳಿದವರೆಷ್ಟು. ಒಂದು ತಿಂಗಳ ಲೆಕ್ಕವನ್ನು ಡಿಪೋ ಮ್ಯಾನೇಜರರ ಮೇಜಿನ ಮೇಲೆ ಇಡೋಣ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿನಂತೆ ರದ್ದಾದ ಫೇರಿಗಳ ಪಟ್ಟಿ ಕೇಳೋಣ. ಗ್ರಾಮಸಭೆಯಲ್ಲಿ ಠರಾವು ಮಾಡಿಸೋಣ. ಗೋಳು ಹೇಳಿದರೆ ಸಾಹೇಬರು ಸಮಾಧಾನ ಹೇಳಿ ಕಳಿಸುತ್ತಾರೆ. ಲೆಕ್ಕ ಇಟ್ಟರೆ ಉತ್ತರ ಕೊಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಗಾರ್ಮೆಂಟ್ ಕೆಲಸದ, ಮನೆಗೆಲಸದ ಹೆಂಗಸರು ಬಸ್ ಪ್ರಯಾಣಿಕರ ವೇದಿಕೆಯಲ್ಲಿ ಕೂಡಿ ಟಿಕೇಟಿನ ದರದ ಬಗ್ಗೆ ದನಿಯೆತ್ತಿದರು. ಅವರಿಗೂ ಬಿಡುವು ಇರಲಿಲ್ಲ. ತೋಟದವರೇ, ನೀವೂ ಲೈನುಮನೆಯ ಹಿಂದಿನ ಗುಡ್ಡದಲ್ಲಿ ಬಿರುಕು ಬಿಟ್ಟಿದೆಯೋ, ಮಳೆನೀರಿನ ಚರಂಡಿ ಕಟ್ಟಿದೆಯೋ ನೋಡಿ ಬರೆದಿಡಿರಿ. ಮೇಸ್ತ್ರಿಗೆ ಬಾಯಲ್ಲಿ ಹೇಳಿ ಬಿಡಬೇಡಿರಿ. ಕಾಗದದ ಮೇಲೆ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ತೆಗೆದುಕೊಳ್ಳಿರಿ.

ಭಾನುವಾರದ ಆರಾಧನೆ ಮುಗಿದ ಮೇಲೆ ಒಂದು ತಾಸು ಈ ಕೆಲಸಕ್ಕೆ ಕೊಡಲು ಪ್ರತಿಯೊಂದು ಸಭೆಯನ್ನು ಕೇಳಿಕೊಳ್ಳುತ್ತೇವೆ. ಪಕ್ಕದ ಓಣಿಯ ಧನಗರರು, ಮುಸಲ್ಮಾನರು, ಲಿಂಗಾಯತರು ಬಂದರೆ ಅವರನ್ನೂ ಕೂಡಿಸಿಕೊಳ್ಳಿರಿ; ಬಾರದ ಬಸ್ಸಿಗೆ ಕಾಯುವಾಗ ಎಲ್ಲರೂ ಒಂದೇ ಬಿಸಿಲಲ್ಲಿ ನಿಂತಿರುತ್ತಾರೆ. ನಮ್ಮ ಕರ್ತನು ಬಡಗಿಯಾಗಿ ದುಡಿದವನು. ದುಡಿಮೆಯ ಬೆಲೆಯೂ ಅವನಿಗೆ ಗೊತ್ತು, ತಾನಾಗಿ ಕೊಡುವುದರ ಸಂತೋಷವೂ ಗೊತ್ತು. ಎರಡನ್ನೂ ಬಿಡದೆ ಹಿಡಿದುಕೊಂಡು ನೋಟುಬುಕ್ಕಿನ ಮೊದಲ ಹಾಳೆ ತೆರೆಯೋಣ.